ಸ್ಥಾನಿಯೂ ಆದೇಶವೂ: ಗಣಕಜಾಲದಲ್ಲಿ ಮೀಸಲು ರೂಟರಿನ ವಿಚಾರ

ಅಲಂಕಾರಶಾಸ್ತ್ರದಲ್ಲಿ ಪುನರುಕ್ತಿಯು ದೋಷಗಳಲ್ಲೊಂದು. ಹೇಳಿದುದನ್ನೇ ನಿಷ್ಪ್ರಯೋಜನವಾಗಿ ಮತ್ತೆ ಹೇಳುವ ಕವಿಯನ್ನು ಲಾಕ್ಷಣಿಕರು ಮನ್ನಿಸುವುದಿಲ್ಲ. ಗಣಕಜಾಲವನ್ನು ಕಟ್ಟುವವರ ಶಾಸ್ತ್ರದಲ್ಲಾದರೋ ಪುನರುಕ್ತಿಯೇ ಗುಣ. ಒಂದು ರೂಟರು ಸಾಕಾಗುವೆಡೆ ಅವರು ಎರಡನ್ನು ಇರಿಸುತ್ತಾರೆ. ಸುಮ್ಮನೆ ಕುಳಿತಿರುವ ಎರಡನೆಯ ಯಂತ್ರಕ್ಕೆ ಹಣವೇಕೆಂದು ದಾನಿಗಳು ಕೇಳುವುದು ಸಹಜವೇ ಆಗಿದೆ. ಆ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಜಾಲದ ಒಳಗುಟ್ಟನ್ನು ಸ್ವಲ್ಪಮಟ್ಟಿಗೆ ಅರಿಯಬೇಕು.

ಒಂದು ಕಾಲಕ್ಕೆ ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿದ್ದ ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಇಂದು ಅಂಗಡಿಯ ಹಣ ಸಂದಾಯವಾಗುವುದೂ ರಕ್ತಪರೀಕ್ಷೆಯ ವರದಿ ವೈದ್ಯರನ್ನು ತಲುಪುವುದೂ ಅಂತರಜಾಲದ ಮೂಲಕವೇ. ಶಾಲೆಗಳ ಪಾಡೂ ಬೇರೆಯಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳ ದೃಶ್ಯವನ್ನು ವೆಬ್‌ಕಾಸ್ಟಿಂಗ್ ಮೂಲಕ ದೂರದಿಂದ ವೀಕ್ಷಿಸುವ ಕ್ರಮವು ರಾಜ್ಯದಲ್ಲಿ ಜಾರಿಗೆ ಬಂದಿತು. ಪರೀಕ್ಷೆಯ ನಡುವೆ ಜಾಲವು ಕಡಿದುಹೋದರೆ ಮುಖ್ಯೋಪಾಧ್ಯಾಯರು ಉತ್ತರ ಹೇಳಬೇಕಾಗುತ್ತದೆ.

ಶಾಲೆಯ ಗಣಕಗಳೆಲ್ಲವೂ ಸ್ವಿಚ್ಚೆಂಬ ಪೆಟ್ಟಿಗೆಯಲ್ಲಿ ಕೂಡುತ್ತವೆ. ಅಲ್ಲಿಂದ ರೂಟರಿನ ಮೂಲಕ ಹೊರಜಗತ್ತನ್ನು ಸೇರುತ್ತವೆ. ಪ್ರತಿಯೊಂದು ಗಣಕಕ್ಕೂ ಹೊರಬಾಗಿಲಿನ ವಿಳಾಸವೊಂದನ್ನು ಮಾತ್ರ ತಿಳಿಸಿರುತ್ತಾರೆ. ಆ ವಿಳಾಸದ ರೂಟರು ಕೆಟ್ಟರೆ, ಪಕ್ಕದಲ್ಲಿಯೇ ಸುಸ್ಥಿತಿಯ ಇನ್ನೊಂದು ರೂಟರಿದ್ದರೂ ಗಣಕವು ಅದನ್ನು ಅರಿಯದು. ಮುಚ್ಚಿದ ಬಾಗಿಲನ್ನೇ ತಟ್ಟುತ್ತಿರುತ್ತದೆ. ಎರಡನೆಯದನ್ನು ಕೊಂಡುತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಇದಕ್ಕೆ ಕಂಡುಕೊಂಡ ಪರಿಹಾರವು ವ್ಯಾಕರಣದ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ. ಮಳೆ, ಕಾಲ ಎಂಬೆರಡು ಪದಗಳು ಸೇರಿ ಮಳೆಗಾಲವಾದಾಗ ಕಕಾರದ ಸ್ಥಾನಕ್ಕೆ ಗಕಾರವು ಆದೇಶವಾಗಿ ಬರುತ್ತದೆ. ಅಕ್ಷರವು ಬದಲಾಯಿತು, ಸ್ಥಾನವು ಬದಲಾಗಲಿಲ್ಲ. ಅಂತೆಯೇ ಇಲ್ಲಿ ಯಾವ ರೂಟರಿನ ಸ್ವಂತದ್ದೂ ಅಲ್ಲದ ಕಲ್ಪಿತ ವಿಳಾಸವೊಂದನ್ನು ಸ್ಥಾನವಾಗಿ ನಿಯಮಿಸಿ, ಗಣಕಗಳಿಗೆ ಅದನ್ನೇ ತಿಳಿಸುತ್ತಾರೆ. ಇಬ್ಬರಲ್ಲಿ ಒಬ್ಬನು ಆ ಸ್ಥಾನವನ್ನು ವಹಿಸಿರುತ್ತಾನೆ, ಇನ್ನೊಬ್ಬನು ಕಾದಿರುತ್ತಾನೆ. ಸಿಸ್ಕೋ ಸಂಸ್ಥೆಯ ಹಾಟ್ ಸ್ಟ್ಯಾಂಡ್‌ಬೈ ರೂಟರ್ ಪ್ರೋಟೊಕಾಲ್, ಎಲ್ಲ ತಯಾರಕರಿಗೂ ಸಲ್ಲುವ ವರ್ಚುಯಲ್ ರೂಟರ್ ರಿಡಂಡೆನ್ಸಿ ಪ್ರೋಟೊಕಾಲ್ ಎಂಬ ಎರಡು ಪದ್ಧತಿಗಳ ವಿವರಣೆಗಳೂ 1998ರಲ್ಲಿ ಪ್ರಕಟವಾದವು. ಎರಡನೆಯ ಪದ್ಧತಿಯಲ್ಲಿ ಮುಖ್ಯ ರೂಟರು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ತಾನಿರುವೆನೆಂದು ಸಾರುತ್ತದೆ. ಮೂರು ಸೆಕೆಂಡಿಗೂ ತುಸು ಹೆಚ್ಚು ಕಾಲ ಆ ದನಿ ಕೇಳದಿದ್ದರೆ ಮೀಸಲು ರೂಟರು ಸ್ಥಾನವನ್ನು ವಹಿಸಿಕೊಂಡು ಅದೇ ವಿಳಾಸದಿಂದ ಘೋಷಣೆ ಹೊರಡಿಸುತ್ತದೆ. ಯಾವ ವಿಳಾಸವು ತನ್ನ ಯಾವ ಕಿಂಡಿಯಲ್ಲಿದೆಯೆಂಬ ಪಟ್ಟಿಯನ್ನಿರಿಸಿಕೊಂಡ ಸ್ವಿಚ್ಚು ಕೂಡಲೇ ಅದನ್ನು ತಿದ್ದಿಕೊಳ್ಳುತ್ತದೆ. ಗಣಕಗಳಿಗೆ ಏನೂ ಆದಂತೆ ತೋರುವುದಿಲ್ಲ.

ಯಾರು ಮುಖ್ಯರೆಂಬುದನ್ನು ಆದ್ಯತೆಯ ಅಂಕಿ ನಿರ್ಧರಿಸುತ್ತದೆ. ಬೇರೆ ಸೂಚನೆಯಿಲ್ಲದಿದ್ದರೆ ಅದು 100. ಮುಖ್ಯ ರೂಟರಿಗೆ 120 ಕೊಡಬಹುದು. ಅದರ ಹೊರತಂತಿ ಕಡಿದಾಗ ಅಂಕಿ ಇಳಿಯುವಂತೆಯೂ ನಿಯಮಿಸಬೇಕು. ಎಡವುವುದು ಇಲ್ಲಿಯೇ. ಹತ್ತು ಮಾತ್ರ ಇಳಿಸಿದರೆ 110 ಉಳಿದು, ತಂತಿ ಕಡಿದ ರೂಟರೇ ಅಧಿಕಾರದಲ್ಲಿ ಕುಳಿತಿರುತ್ತದೆ. ಮೂವತ್ತು ಇಳಿಸಿದರೆ 90 ಆಗಿ ಮೀಸಲು ಮುಂದೆ ಬರುತ್ತದೆ. ಸಿಸ್ಕೋ ಪದ್ಧತಿಯಲ್ಲಿ ಹೀಗೆ ಸ್ಥಾನವನ್ನು ಕಸಿದುಕೊಳ್ಳುವ ಅನುಮತಿಯನ್ನು ಬೇರೆಯಾಗಿಯೇ ಬರೆಯಬೇಕು. ಇನ್ನೊಂದು ಸೂಕ್ಷ್ಮವುಂಟು: ತಂತಿಯು ಮುಂದಿನ ಬೀದಿಯಲ್ಲಿ ಕಡಿದಿದ್ದರೂ ಶಾಲೆಯೊಳಗಿನ ಪೆಟ್ಟಿಗೆಯ ದೀಪವು ಉರಿಯುತ್ತಲೇ ಇರಬಹುದು. ಆದಕಾರಣ ದೀಪವನ್ನು ನಂಬದೆ, ದೂರದ ವಿಳಾಸವೊಂದನ್ನು ಆಗಾಗ ಕರೆದು ಓಗೊಡುವುದೇ ಎಂದು ನೋಡುವಂತೆ ರೂಟರಿಗೆ ಕಲಿಸುವುದು ಲೇಸು.

ಇಷ್ಟೆಲ್ಲ ಆದರೂ ಎರಡು ದಾರಿಗಳು ನಿಜವಾಗಿ ಬೇರೆಯಾಗಿವೆಯೇ? 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿಯ ಸಮುದ್ರದಲ್ಲಿ ಸೀ-ಮೀ-ವೀ 4, ಫ್ಲ್ಯಾಗ್ ಎಂಬ ಎರಡು ಕೇಬಲ್‌ಗಳೂ ಕಡಿದವು. ಹೆಸರು ಬೇರೆ, ಒಡೆಯರು ಬೇರೆ, ಸಾಗಿದ ಹಾದಿ ಮಾತ್ರ ಹತ್ತಿರ ಹತ್ತಿರ. ಭಾರತದ ಅಂತರಜಾಲವು ಕುಂಟಿತು. ಪೂರ್ವದ ಸಮುದ್ರಮಾರ್ಗದ ಕಡೆಗೆ ಸಂಚಾರವನ್ನು ತಿರುಗಿಸಬಲ್ಲವರು ಬೇಗ ಚೇತರಿಸಿಕೊಂಡರು. ಕಮ್ಮನಹಳ್ಳಿಯ ಬೀದಿಗೆ ಸಮುದ್ರವೇನೂ ಬೇಕಿಲ್ಲ, ಒಂದು ಜೆ.ಸಿ.ಬಿ. ಸಾಕು. ಎರಡು ಕಂಪನಿಗಳಿಗೆ ಹಣ ತೆತ್ತು, ಇಬ್ಬರ ತಂತಿಯೂ ಒಂದೇ ಕಾಲುದಾರಿಯ ಗುಂಡಿಯಲ್ಲಿ ಬರುವುದಾದರೆ ಅದು ಅಲಂಕಾರಿಕರು ನಿಂದಿಸಿದ ಪುನರುಕ್ತಿಯೇ ಸರಿ. ಒಂದು ನೆಲದಡಿಯಲ್ಲಿ, ಇನ್ನೊಂದು ನಿಸ್ತಂತುವಾಗಿ ಅಥವಾ ಹಿಂದಿನ ಬೀದಿಯಿಂದ ಬರಬೇಕು. ಎರಡು ರೂಟರುಗಳನ್ನೂ ಒಂದೇ ಸ್ವಿಚ್ಚಿಗೆ, ಒಂದೇ ಯು.ಪಿ.ಎಸ್.ಗೆ ಜೋಡಿಸುವುದೂ ಇದೇ ಬಗೆಯ ಮಿತವ್ಯಯ.

ಮೀಸಲು ರೂಟರು ಕಾರ್ಯಕ್ಕೆ ಒದಗುವುದೋ ಇಲ್ಲವೋ ಎಂಬುದನ್ನು ಪರೀಕ್ಷೆಯ ದಿನಗಳಿಗೆ ಮುಂಚೆಯೇ, ರಜೆಯ ದಿನವೊಂದರಲ್ಲಿ ನೋಡಿಕೊಳ್ಳಬೇಕು. ಮೊದಲು ಮುಖ್ಯ ರೂಟರಿನ ವಿದ್ಯುತ್ತನ್ನು ತೆಗೆಯುವುದು, ಬಳಿಕ ಅದನ್ನು ಮತ್ತೆ ನಡೆಸಿ ಹೊರತಂತಿಯನ್ನು ಮಾತ್ರ ಕಳಚುವುದು. ಪ್ರತಿಸಲವೂ ಎಷ್ಟು ಸೆಕೆಂಡು ಸಂಪರ್ಕ ತಪ್ಪಿತೆಂಬುದನ್ನು ದಿನಾಂಕಸಹಿತ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಸ್ವಿಚ್ಚಿನ ಪಕ್ಕದಲ್ಲಿಯೇ ಇರಿಸುವುದು.