ಅಂಕಿಗಳಿಗೊಂದು ಗರಡಿಮನೆ

ಹತ್ತು ಅಂಕಿಗಳನ್ನು ಕೊಟ್ಟು ಅವುಗಳ ಸರಾಸರಿಯನ್ನು ಹೇಳೆಂದರೆ ಮಾಧ್ಯಮಿಕ ಶಾಲೆಯ ಬಾಲಕನೂ ಕ್ಷಣಮಾತ್ರದಲ್ಲಿ ಹೇಳಿಬಿಡುತ್ತಾನೆ. ಆದರೆ ಅಮೆರಿಕದ 332 ಸ್ಥಳಗಳಲ್ಲಿ ಗಾಳಿಯಲ್ಲಿನ ಸಲ್ಫೇಟ್ ಮತ್ತು ನೈಟ್ರೇಟ್ ಕಣಗಳನ್ನು ಅಳೆದು, ಸ್ಥಳಕ್ಕೊಂದರಂತೆ 332 ಕಡತಗಳನ್ನು ಅವನ ಮುಂದಿಟ್ಟರೆ? ಒಂದೊಂದು ಕಡತದಲ್ಲಿಯೂ ದಿನಕ್ಕೊಂದು ಸಾಲು. ಆ ಸಾಲುಗಳಲ್ಲಿ ಬಹುಪಾಲು ಮನೆಗಳು ಬರಿದಾಗಿರುತ್ತವೆ, ಏಕೆಂದರೆ ಆಯಾ ದಿನ ಅಳತೆಯೇ ದೊರೆತಿಲ್ಲ. ಬರಿದಾದ ಮನೆಯನ್ನು ಸೊನ್ನೆಯೆಂದು ಎಣಿಸಬಹುದೇ? ಎಣಿಸಿದರೆ ಅಳತೆಯಿಲ್ಲದ ದಿನವೆಲ್ಲವೂ ಗಾಳಿ ಪರಿಶುದ್ಧವಾಗಿದ್ದ ದಿನವಾಗಿಬಿಡುತ್ತದೆ! ದತ್ತಾಂಶ ವಿಜ್ಞಾನವೆಂದು ಈಗ ಕರೆಯಲಾಗುವ ಶಾಸ್ತ್ರವು ಇಂತಹ ತೊಡಕುಗಳಿಂದಲೇ ಮೊದಲಾಗುತ್ತದೆ.

ಈ 332 ಕಡತಗಳ ಲೆಕ್ಕವು ನಮ್ಮ ಕಲ್ಪನೆಯದಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿರುವ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಜೀವಸಂಖ್ಯಾಶಾಸ್ತ್ರ ವಿಭಾಗದವರು 2014ರಲ್ಲಿ ಅಂತರ್ಜಾಲದ ಮೂಲಕ ಆರಂಭಿಸಿದ ದತ್ತಾಂಶ ವಿಜ್ಞಾನದ ಪಾಠಕ್ರಮದಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ಅಭ್ಯಾಸವಿದು. ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಯನ್ ಕ್ಯಾಫೊ, ಜೆಫ್ ಲೀಕ್ ಮತ್ತು ರೋಜರ್ ಪೆಂಗ್ ಎಂಬ ಮೂವರು ಇದನ್ನು ರೂಪಿಸಿದರು. ಪಾಠಗಳು ಕೋರ್ಸೆರಾ ಎಂಬ ಸಂಸ್ಥೆಯ ಮೂಲಕ ಲೋಕಕ್ಕೆಲ್ಲ ದೊರೆತವು. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಕುಳಿತ ವಿದ್ಯಾರ್ಥಿಯೂ ಇದಕ್ಕೆ ಸೇರಬಹುದಾಗಿತ್ತು. ಇಂತಹ ಪಾಠಕ್ರಮವೊಂದನ್ನು ಹೇಗೆ ಕಟ್ಟುತ್ತಾರೆ, ಯಾವುದರ ಮೇಲೆ ಯಾವುದನ್ನು ಇಡುತ್ತಾರೆ ಎಂಬುದನ್ನು ತಿಳಿಯಲು ಇದು ಒಳ್ಳೆಯ ಮಾದರಿಯಾದುದರಿಂದ ನಾವು ಇದನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಒಟ್ಟು ಒಂಬತ್ತು ಪಾಠಭಾಗಗಳು, ಕೊನೆಗೊಂದು ದೊಡ್ಡ ಯೋಜನೆ. ಒಂದೊಂದು ಭಾಗಕ್ಕೆ ಸುಮಾರು ನಾಲ್ಕು ವಾರಗಳ ಅವಧಿ. ವಾರವಾರವೂ ಕೆಲವು ಚಿಕ್ಕ ಚಿಕ್ಕ ಉಪನ್ಯಾಸಗಳು, ಅವುಗಳ ಬೆನ್ನಿಗೆ ಯಂತ್ರವೇ ತಿದ್ದುವ ಕಿರುಪರೀಕ್ಷೆ. ಆದರೆ ಕಡತಗಳನ್ನು ಶುದ್ಧಿಮಾಡುವುದು, ವರದಿ ಬರೆಯುವುದು ಮುಂತಾದ ಕೆಲಸಗಳನ್ನು ಯಂತ್ರವು ತಿದ್ದಲಾರದಷ್ಟೆ. ಸಾವಿರಾರು ಮಂದಿಯ ಉತ್ತರಗಳನ್ನು ಮೂವರು ಪ್ರಾಧ್ಯಾಪಕರು ಓದಿ ಮುಗಿಸುವುದೂ ಆಗದ ಮಾತು. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ, ವಿದ್ಯಾರ್ಥಿಗಳೇ ಒಬ್ಬರ ಕೆಲಸವನ್ನು ಮತ್ತೊಬ್ಬರು ಪರಿಶೀಲಿಸಿ, ಮೊದಲೇ ಗೊತ್ತುಪಡಿಸಿದ ಸೂತ್ರದಂತೆ ಅಂಕ ಕೊಡುವುದು. ಈ ಏರ್ಪಾಟಿನ ಕುಂದು ಸ್ಪಷ್ಟವಾಗಿಯೇ ಇದೆ. ತಿದ್ದುವವನಿಗೇ ವಿಷಯ ತಿಳಿಯದಿದ್ದರೆ ತಿದ್ದಿಸಿಕೊಂಡವನ ಗತಿಯೇನು? ಆದರೂ ಪರರು ಬರೆದ ಆದೇಶಗಳನ್ನು ಸಾಲುಸಾಲಾಗಿ ಓದುವ ಅಭ್ಯಾಸವು ಇದರಿಂದಲೇ ಬರುತ್ತದೆ, ಮತ್ತು ಉದ್ಯೋಗದಲ್ಲಿ ಅರ್ಧ ಕೆಲಸ ಅದೇ ಆಗಿರುತ್ತದೆ.

ಮೊದಲನೆಯ ಭಾಗದಲ್ಲಿ ಉಪಕರಣಗಳ ಪರಿಚಯವಷ್ಟೆ. ಅದರಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. ಎರಡನೆಯದರಲ್ಲಿ 'ಆರ್' ಎಂಬ ಗಣಕಭಾಷೆ ಬರುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬವರು 1990ರ ದಶಕದ ಆರಂಭದಲ್ಲಿ ನಿರ್ಮಿಸಿದ ಈ ಭಾಷೆಯನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಗಾಳಿಯ ಲೆಕ್ಕ ಬರುವುದು ಇಲ್ಲಿಯೇ. ಪಟ್ಟಿಯಲ್ಲಿ ಒಂದೇ ಒಂದು ಮನೆ ಬರಿದಾಗಿದ್ದರೂ 'ಆರ್' ಸರಾಸರಿಯನ್ನು ಹೇಳಲು ಒಪ್ಪುವುದಿಲ್ಲ. ಬರಿದಾದವುಗಳನ್ನು ಬಿಟ್ಟು ಲೆಕ್ಕಮಾಡೆಂದು ನಾವು ಬಾಯಿಬಿಟ್ಟು ಹೇಳಬೇಕು. ಹೊಸಬನಿಗೆ ಇದೊಂದು ಹಟಮಾರಿತನದಂತೆ ಕಾಣುತ್ತದೆ. ಆದರೆ ಅಳತೆಯಿಲ್ಲದ ದಿನಗಳನ್ನು ಕೈಬಿಟ್ಟವರು ತಾವೇ ಎಂಬ ಹೊಣೆಯನ್ನು ಲೆಕ್ಕ ಮಾಡುವವನ ತಲೆಯ ಮೇಲೆ ಹೊರಿಸುವ ಜಾಣತನ ಅದರಲ್ಲಿದೆ.

ಇಡೀ ಪಾಠಕ್ರಮದ ತಿರುಳು ಮೂರನೆಯ ಭಾಗದಲ್ಲಿದೆಯೆಂದು ನಮ್ಮ ಅಭಿಪ್ರಾಯ. ದತ್ತಾಂಶಗಳನ್ನು ತಂದು ಶುದ್ಧಿಮಾಡುವುದು ಅದರ ವಿಷಯ. 30 ಮಂದಿ ಸ್ವಯಂಸೇವಕರ ಸೊಂಟಕ್ಕೆ ಮೊಬೈಲ್ ಫೋನನ್ನು ಕಟ್ಟಿ, ನಡೆಯುವುದು, ಮೆಟ್ಟಿಲೇರುವುದು, ಮೆಟ್ಟಿಲಿಳಿಯುವುದು, ಕುಳಿತುಕೊಳ್ಳುವುದು, ನಿಲ್ಲುವುದು, ಮಲಗುವುದು ಎಂಬ ಆರು ಚಟುವಟಿಕೆಗಳನ್ನು ಮಾಡಿಸಿ, ಫೋನಿನೊಳಗಿನ ಸೂಕ್ಷ್ಮಯಂತ್ರಗಳು ದಾಖಲಿಸಿದ ಚಲನೆಯನ್ನು ಸಂಶೋಧಕರು ಸಂಗ್ರಹಿಸಿದ್ದರು. ಒಟ್ಟು 10,299 ಸಾಲುಗಳು. ಸಾಲೊಂದಕ್ಕೆ 561 ಅಳತೆಗಳು. ಇವನ್ನೆಲ್ಲ ಕ್ರಮಪಡಿಸಿ, ಕೊನೆಗೆ ವ್ಯಕ್ತಿಗೊಂದು ಚಟುವಟಿಕೆಗೊಂದರಂತೆ 180 ಸಾಲುಗಳ ಸರಾಸರಿ ಪಟ್ಟಿಯನ್ನು ವಿದ್ಯಾರ್ಥಿಯು ಒಪ್ಪಿಸಬೇಕು.

ಇದರಲ್ಲಿ ಒಂದು ಗುಪ್ತವಾದ ಗುಂಡಿಯಿದೆ. ಅಳತೆಗಳು ಒಂದು ಕಡತದಲ್ಲಿ, ಚಟುವಟಿಕೆಯನ್ನು ಸೂಚಿಸುವ 1ರಿಂದ 6ರವರೆಗಿನ ಅಂಕಿ ಎರಡನೆಯದರಲ್ಲಿ, ವ್ಯಕ್ತಿಯ ಸಂಖ್ಯೆ ಮೂರನೆಯದರಲ್ಲಿ ಇರುತ್ತವೆ. ಇವನ್ನು ಪರಸ್ಪರ ಹೆಣೆಯುವ ದಾರವೆಂದರೆ ಸಾಲುಗಳ ಅನುಕ್ರಮವೊಂದೇ. ನೂರನೆಯ ಅಳತೆಗೆ ನೂರನೆಯ ಚಟುವಟಿಕೆ, ನೂರನೆಯ ವ್ಯಕ್ತಿ, ಬೇರೆ ಗುರುತಿಲ್ಲ. ಈಗ ವಿದ್ಯಾರ್ಥಿಯು 5 ಎಂಬ ಅಂಕಿಯಿದ್ದೆಡೆಯಲ್ಲಿ 'ನಿಂತಿರುವುದು' ಎಂಬ ಹೆಸರನ್ನು ತರಬೇಕೆಂದು ಹೆಸರುಗಳ ಪಟ್ಟಿಯೊಡನೆ ಅದನ್ನು ಕೂಡಿಸುತ್ತಾನೆಂದುಕೊಳ್ಳಿ. 'ಆರ್' ಭಾಷೆಯ ಕೂಡಿಸುವ ಆದೇಶವು ಹೇಳದೆ ಕೇಳದೆ ಸಾಲುಗಳನ್ನು ಅಂಕಿಗಳ ಕ್ರಮಕ್ಕೆ ತಂದುಬಿಡುತ್ತದೆ. ಅನಂತರ ಅದನ್ನು ಅಳತೆಗಳ ಪಕ್ಕಕ್ಕೆ ಅಂಟಿಸಿದರೆ ಮಲಗಿದವನ ಅಳತೆಯ ಮುಂದೆ 'ನಡೆಯುವುದು' ಎಂಬ ಹೆಸರು ಬಂದು ಕೂರುತ್ತದೆ. ಸಾಲುಗಳ ಸಂಖ್ಯೆ ಒಂದೂ ಕಡಮೆಯಾಗಿರುವುದಿಲ್ಲ. ಯಂತ್ರವು ತಪ್ಪಾಯಿತೆಂದು ಗೊಣಗುವುದೂ ಇಲ್ಲ. ಮಲಗಿದವನ ಮೈಯಲ್ಲಿ ಮೆಟ್ಟಿಲೇರುವವನಷ್ಟೇ ಕುಲುಕಾಟ ಹೇಗೆ ಬಂದಿತೆಂದು ಕೇಳುವ ವಿವೇಕ ಯಾರಿಗೆ ಹುಟ್ಟುತ್ತದೆಯೋ ಅವರು ಮಾತ್ರ ಪಾರಾಗುತ್ತಾರೆ.

ಸಾಲು ತಪ್ಪುವುದು ಅಷ್ಟೊಂದು ದೊಡ್ಡ ವಿಷಯವೇ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವು ಐದನೆಯ ಭಾಗದಲ್ಲಿ ದೊರೆಯುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು 2006ರಲ್ಲಿ, ಕ್ಯಾನ್ಸರ್ ಗಡ್ಡೆಯ ಜೀನುಗಳ ಚಟುವಟಿಕೆಯನ್ನು ಅಳೆದು ಯಾವ ರೋಗಿಗೆ ಯಾವ ಔಷಧ ನಾಟುತ್ತದೆಂಬುದನ್ನು ಮುಂದಾಗಿ ಹೇಳಬಹುದೆಂದು ಪ್ರಕಟಿಸಿದರು. ಹ್ಯೂಸ್ಟನ್ನಿನ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರಿಗೆ ಈ ವಿಧಾನವನ್ನು ತಾವೂ ಬಳಸಬೇಕೆಂಬ ಆಸೆ ಹುಟ್ಟಿತು. ಅಲ್ಲಿಯ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಹೊರಟರೆ ಉತ್ತರ ಹೊಂದಲಿಲ್ಲ. ಬಹುಕಾಲ ಹುಡುಕಿದ ಮೇಲೆ ತಿಳಿದುದೇನೆಂದರೆ, ಜೀನುಗಳ ಹೆಸರುಗಳ ಪಟ್ಟಿಯು ಒಂದು ಸಾಲು ಜಾರಿತ್ತು! ಕೆಲವೆಡೆ 'ಔಷಧಕ್ಕೆ ಬಗ್ಗುವುದು', 'ಬಗ್ಗದುದು' ಎಂಬ ಹಣೆಪಟ್ಟಿಗಳೇ ಅದಲುಬದಲಾಗಿದ್ದವು. ಅಷ್ಟುಹೊತ್ತಿಗೆ ಡ್ಯೂಕ್‌ನಲ್ಲಿ ಈ ವಿಧಾನವನ್ನು ನಂಬಿ ರೋಗಿಗಳಿಗೆ ಔಷಧವನ್ನು ಆರಿಸುವ ಪ್ರಯೋಗಗಳು ನಡೆಯುತ್ತಿದ್ದವು. ಬ್ಯಾಗರ್ಲಿ ಮತ್ತು ಕೂಂಬ್ಸ್ ತಮ್ಮ ಶೋಧವನ್ನು 2009ರಲ್ಲಿ ಪ್ರಕಟಿಸಿದರು. ಪ್ರಯೋಗಗಳು ಒಮ್ಮೆ ನಿಂತು, ಮತ್ತೆ ಮೊದಲಾಗಿ, 2010ರಲ್ಲಿ ಕೊನೆಗೊಂಡವು. 2011ರಲ್ಲಿ ಮೂಲ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಇದರಲ್ಲಿ ಬರಿಯ ಅಜಾಗರೂಕತೆಯಲ್ಲದೆ ಸುಳ್ಳು ದತ್ತಾಂಶವೂ ಸೇರಿತ್ತೆಂದು 2015ರಲ್ಲಿ ಅಮೆರಿಕದ ಸರ್ಕಾರದ ವಿಚಾರಣೆಯು ತೀರ್ಮಾನಿಸಿತು.

ಆದುದರಿಂದಲೇ ಈ ಭಾಗದಲ್ಲಿ ಉತ್ತರವನ್ನು ಬರೆದರೆ ಸಾಲದು. ವರದಿಯ ಮಾತು, ಲೆಕ್ಕದ ಆದೇಶಗಳು, ಅವುಗಳ ಫಲ ಇವು ಒಂದೇ ಬರಹದಲ್ಲಿ ಇರಬೇಕು. ಮತ್ತೊಬ್ಬನು ಅದನ್ನು ತನ್ನ ಯಂತ್ರದಲ್ಲಿ ನಡೆಸಿದರೆ ಅದೇ ಉತ್ತರ ಬರಬೇಕು. ಅಭ್ಯಾಸಕ್ಕೆ ಕೊಟ್ಟಿರುವುದು 1950ರಿಂದ 2011ರವರೆಗೆ ಅಮೆರಿಕದಲ್ಲಿ ಬೀಸಿದ ಬಿರುಗಾಳಿ, ಬಂದ ನೆರೆ ಮುಂತಾದವುಗಳ ಸರ್ಕಾರಿ ದಾಖಲೆ. ಅದರಲ್ಲಿ ನಷ್ಟದ ಮೊತ್ತವನ್ನು ಒಂದು ಅಂಕಿಯಾಗಿಯೂ, ಸಾವಿರವೋ ದಶಲಕ್ಷವೋ ನೂರು ಕೋಟಿಯೋ ಎಂಬುದನ್ನು ಪಕ್ಕದ ಅಂಕಣದಲ್ಲಿ ಒಂದು ಅಕ್ಷರವಾಗಿಯೂ ಬರೆದಿದ್ದಾರೆ. ಕ್ಯಾಲಿಫೋರ್ನಿಯದ ನಾಪಾ ಪ್ರದೇಶದ ನೆರೆಯೊಂದರ ಮುಂದೆ 115 ಎಂಬ ಅಂಕಿಯ ಪಕ್ಕದಲ್ಲಿ ನೂರು ಕೋಟಿಯ ಅಕ್ಷರ ಬಿದ್ದಿದೆ. ಆ ಒಂದು ಅಕ್ಷರವನ್ನು ನಂಬಿದವನ ವರದಿಯಲ್ಲಿ ನಾಪಾ ನೆರೆಯ ಮುಂದೆ ಕತ್ರಿನಾ ಚಂಡಮಾರುತವೂ ಸಣ್ಣದಾಗಿಬಿಡುತ್ತದೆ.

ನಾಲ್ಕನೆಯದು ನಕ್ಷೆಗಳಿಂದ ದತ್ತಾಂಶವನ್ನು ಅರಿಯುವ ಭಾಗ. ಸಂಖ್ಯಾಶಾಸ್ತ್ರದ ಅನುಮಾನ ಪದ್ಧತಿ ಬರುವುದು ಆರನೆಯದಾಗಿ. ಹಲವರು ಏದುಸಿರು ಬಿಡುವುದು ಇಲ್ಲಿಯೇ. ಒಂದು ಅಭ್ಯಾಸವನ್ನು ಮಾತ್ರ ಹೇಳುತ್ತೇವೆ. ಸರಾಸರಿ 5, ಮಾನಕ ವಿಚಲನೆಯೂ 5 ಆಗಿರುವ, ಒಂದು ಪಕ್ಕಕ್ಕೆ ಬಹಳವಾಗಿ ವಾಲಿದ ಸಂಖ್ಯಾಸಮೂಹದಿಂದ 40 ಸಂಖ್ಯೆಗಳನ್ನು ಹಿಡಿದು ಅವುಗಳ ಸರಾಸರಿ ತೆಗೆಯಿರಿ. ಹೀಗೆ ಸಾವಿರ ಸಲ ಮಾಡಿ. ಆ ಸಾವಿರ ಸರಾಸರಿಗಳು 5ರ ಸುತ್ತ ಗಂಟೆಯಾಕಾರದಲ್ಲಿ ಗುಂಪುಗೂಡುತ್ತವೆ. ಅವುಗಳ ವಿಚಲನೆ 5ನ್ನು 40ರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ ಸುಮಾರು 0.79. ಸೂತ್ರವನ್ನು ಬಾಯಿಪಾಠ ಮಾಡಿದವನು ಇದನ್ನು ಕಣ್ಣಾರೆ ಕಂಡಾಗ ಆಗುವ ಸಂತೋಷವೇ ಬೇರೆ.

ಇಲ್ಲಿ ಕ್ರಮದ ಪ್ರಶ್ನೆಯೊಂದು ಏಳುತ್ತದೆ. ಉಪಕರಣ ಮೊದಲೋ, ಗಣಿತ ಮೊದಲೋ? ಬಾಲ್ಟಿಮೋರಿನವರು ಉಪಕರಣವನ್ನು ಮುಂದಿಟ್ಟರು. ಮದರಾಸಿನ ಐಐಟಿಯವರು 2020ರಲ್ಲಿ ಅಂತರ್ಜಾಲದ ಮೂಲಕ ಪದವಿ ಪಾಠವನ್ನು ಆರಂಭಿಸಿದಾಗ ಬೇರೆ ದಾರಿ ಹಿಡಿದರು. ಅಲ್ಲಿ ನಾಲ್ಕು ವಾರಗಳ ಪಾಠ ಕೇಳಿ ಅರ್ಹತಾ ಪರೀಕ್ಷೆಯಲ್ಲಿ ಗೆದ್ದವರಿಗೆ ಪ್ರವೇಶ. ತಳಹದಿಯ ಎಂಟು ವಿಷಯಗಳಲ್ಲಿ ಗಣಿತ ಎರಡು, ಸಂಖ್ಯಾಶಾಸ್ತ್ರ ಎರಡು. ಅದರ ಮೇಲೆ ಡಿಪ್ಲೊಮಾ, ಅದರ ಮೇಲೆ ಪದವಿ. ಪಾಠ ಮನೆಯಲ್ಲಿಯೇ ಆದರೂ ಪರೀಕ್ಷೆಗೆ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಕುಳಿತೇ ಬರೆಯಬೇಕು. ಕಾಲೇಜು ವಿದ್ಯಾರ್ಥಿಗೆ ಎರಡನೆಯ ಕ್ರಮವೇ ಮೇಲೆಂದು ನಮಗೆ ತೋರುತ್ತದೆ. ಆದರೆ ಕೆಲಸದಲ್ಲಿದ್ದುಕೊಂಡು ರಾತ್ರಿ ಎರಡು ಗಂಟೆ ಬಿಡುವು ಮಾಡಿಕೊಳ್ಳುವವನು, ಮೊದಲ ತಿಂಗಳೇ ಕೈಗೆ ಏನಾದರೂ ಹತ್ತದಿದ್ದರೆ, ಎರಡನೆಯ ತಿಂಗಳಿಗೆ ಉಳಿಯುವನೇ ಎಂಬುದೂ ಯೋಚಿಸತಕ್ಕ ಮಾತೇ.

ಉಳಿದ ಭಾಗಗಳನ್ನು ದಾಟಿ ಕೊನೆಯ ಯೋಜನೆಗೆ ಬರೋಣ. ಫೋನಿನಲ್ಲಿ ಒಂದು ಪದವನ್ನು ಒತ್ತಿದೊಡನೆ ಮುಂದಿನ ಪದವನ್ನು ಅದೇ ಸೂಚಿಸುವುದನ್ನು ನೀವು ಬಲ್ಲಿರಿ. ಅಂತಹ ಸಾಧನವನ್ನು ವಿದ್ಯಾರ್ಥಿಯೇ ಕಟ್ಟಬೇಕು. ಇದಕ್ಕಾಗಿ ಸ್ವಿಫ್ಟ್‌ಕೀ ಎಂಬ ಸಂಸ್ಥೆಯ ಸಹಕಾರದಿಂದ ಪತ್ರಿಕೆಗಳಿಂದಲೂ ಅಂತರ್ಜಾಲದ ಬರಹಗಳಿಂದಲೂ ಆರಿಸಿದ ಲಕ್ಷಗಟ್ಟಲೆ ಸಾಲುಗಳನ್ನು ಕೊಟ್ಟಿದ್ದಾರೆ. ಉಪಾಯ ಸರಳವಾದುದು. ಎರಡು ಮೂರು ಪದಗಳು ಒಟ್ಟಿಗೆ ಎಷ್ಟು ಸಲ ಬಂದಿವೆಯೆಂದು ಎಣಿಸಿಟ್ಟುಕೊಂಡು, ಹಿಂದಿನ ಪದಗಳ ಬೆನ್ನಿಗೆ ಯಾವುದು ಹೆಚ್ಚು ಸಲ ಬಂದಿದೆಯೋ ಅದನ್ನು ಹೇಳುವುದು. 'ಜೋರಾಗಿ ಮಳೆ' ಎಂದ ಮೇಲೆ 'ಬಂತು' ಎಂಬುದು ಬರುವ ಸಂಭವ ಹೆಚ್ಚಲ್ಲವೇ? ಆದರೆ ಇಂಗ್ಲಿಷಿನಲ್ಲಿ ಸಲೀಸಾಗಿ ನಡೆಯುವ ಈ ಎಣಿಕೆ ನಮ್ಮ ಭಾಷೆಯಲ್ಲಿ ಎಡವುತ್ತದೆ. ಮನೆ, ಮನೆಯ, ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಇವೆಲ್ಲ ಎಣಿಸುವ ಯಂತ್ರಕ್ಕೆ ಬೇರೆ ಬೇರೆ ಪದಗಳು. ಒಂದೊಂದೂ ಅಪರೂಪವಾಗಿ ಬರುವುದರಿಂದ ಎಣಿಕೆ ತೆಳ್ಳಗಾಗುತ್ತದೆ. ಕೊಟ್ಟಿರುವ ನಾಲ್ಕು ಭಾಷೆಗಳಲ್ಲಿ ಇಂಗ್ಲಿಷ್, ಜರ್ಮನ್, ರಷ್ಯನ್‌ಗಳೊಡನೆ ಫಿನ್ನಿಷ್ ಕೂಡ ಇದೆ; ಅದಕ್ಕೂ ಕನ್ನಡದಂತೆಯೇ ಪ್ರತ್ಯಯಗಳನ್ನು ಒಂದರ ಮೇಲೊಂದು ಪೋಣಿಸುವ ಅಭ್ಯಾಸ. ಕನ್ನಡಕ್ಕೆ ಇಂತಹ ಸಾಧನವನ್ನು ಕಟ್ಟಬಯಸುವ ವಿದ್ಯಾರ್ಥಿಯು ಇಂಗ್ಲಿಷಿನ ಕಡತವನ್ನು ಪಕ್ಕಕ್ಕಿಟ್ಟು ಫಿನ್ನಿಷ್ ಕಡತವನ್ನು ತೆರೆದು ಮೊದಲುಮಾಡಬಹುದು.