ರೇಷ್ಮೆ ಸೀರೆಗೆ ಬೆಂಕಿ ಹತ್ತುವುದಿಲ್ಲವೇ? ಸುಟ್ಟ ಕೈಗೆ ಕೊಬ್ಬರಿ ಎಣ್ಣೆ ಹಚ್ಚಬಹುದೇ?

ಗೌರಿ ಹಬ್ಬ, ದೀಪಾವಳಿ, ಕಾರ್ತಿಕದ ದೀಪೋತ್ಸವ ಹತ್ತಿರ ಬಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಸಲಹೆಗಳು ಓಡಾಡುತ್ತವೆ. ಒಂದು, "ದೀಪದ ಹತ್ತಿರ ರೇಷ್ಮೆ ಸೀರೆಯೇ ಉಡಿ, ಅದಕ್ಕೆ ಬೆಂಕಿ ಹತ್ತಲ್ಲ". ಇನ್ನೊಂದು, "ಸುಟ್ಟರೆ ತಕ್ಷಣ ಕೊಬ್ಬರಿ ಎಣ್ಣೆ ಹಚ್ಚಿ". ಹಾಲ್ಕುರಿಕೆ, ತಿಪಟೂರು, ತುರುವೇಕೆರೆ ಕಡೆ ಎರಡನೆಯದಕ್ಕೆ ಫಾರ್ವರ್ಡೇ ಬೇಕಿಲ್ಲ. ತೆಂಗಿನ ಸೀಮೆಯಲ್ಲಿ ಎಣ್ಣೆ ಕೈಗೆಟುಕುವಲ್ಲೇ ಇರುತ್ತದೆ.

ಹೇಳಿಕೆ 1: ರೇಷ್ಮೆಗೆ ಬೆಂಕಿ ಹತ್ತುವುದಿಲ್ಲ

ಇದು ಅರ್ಧ ಸತ್ಯ. ರೇಷ್ಮೆಯೂ ನಮ್ಮ ಕೂದಲಿನಂತೆ ಪ್ರೋಟೀನ್. ಹತ್ತಿ ಬಟ್ಟೆಯಷ್ಟು ಬೇಗ ಉರಿಯುವುದಿಲ್ಲ, ಜ್ವಾಲೆ ದೂರವಾದರೆ ಹಲವು ಸಲ ತಾನೇ ಆರುತ್ತದೆ. ಆದರೆ ಜ್ವಾಲೆ ತಾಗಿಕೊಂಡೇ ಇದ್ದರೆ ಖಂಡಿತ ಸುಡುತ್ತದೆ.

ಇನ್ನೊಂದು ತೊಂದರೆ ಇದೆ. ರೇಷ್ಮೆಯಂತೆ ಹೊಳೆಯುವ ಎಷ್ಟೋ ಸೀರೆಗಳು ನಿಜವಾಗಿ ಪಾಲಿಯೆಸ್ಟರ್. ಅದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ, ಗಾಯ ಆಳವಾಗುತ್ತದೆ. ಸೀರೆ ಶುದ್ಧ ರೇಷ್ಮೆಯಾದರೂ ಒಳಲಂಗ, ಫಾಲ್ಸ್, ರವಿಕೆಯ ಲೈನಿಂಗ್ ಸಿಂಥೆಟಿಕ್ ಆಗಿರಬಹುದು. ಕೊಳ್ಳುವಾಗ ಕೇಂದ್ರ ರೇಷ್ಮೆ ಮಂಡಳಿಯ 'ಸಿಲ್ಕ್ ಮಾರ್ಕ್' ಲೇಬಲ್ ನೋಡಿ. ಆದರೆ ಆ ಲೇಬಲ್ ಹೇಳುವುದು ಶುದ್ಧತೆಯನ್ನು ಮಾತ್ರ, ಬೆಂಕಿಯಿಂದ ರಕ್ಷಣೆಯನ್ನಲ್ಲ.

ಉಟ್ಟದ್ದು ಯಾವ ಸೀರೆಯಾದರೂ ಆರತಿ ಎತ್ತುವ ಮುನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ನೆಲದಲ್ಲಿ ಸಾಲಾಗಿಟ್ಟ ಹಣತೆಗಳ ಮೇಲಿಂದ ಬಗ್ಗಿ ಬತ್ತಿ ಸರಿಮಾಡಬೇಡಿ. ಬೆಂಕಿ ತಗುಲಿದರೆ ಓಡಬೇಡಿ, ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಜಾಸ್ತಿಯಾಗುತ್ತದೆ. ನೆಲಕ್ಕೆ ಮಲಗಿ ಉರುಳಿ. ಹತ್ತಿರದವರು ನೀರು ಹಾಕಲಿ, ಇಲ್ಲವೇ ದಪ್ಪ ಹತ್ತಿ ಅಥವಾ ಉಣ್ಣೆ ಕಂಬಳಿ ಸುತ್ತಲಿ.

ಹೇಳಿಕೆ 2: ಸುಟ್ಟ ಜಾಗಕ್ಕೆ ಕೊಬ್ಬರಿ ಎಣ್ಣೆ

ಇದು ತಪ್ಪು. ಬೆಂಕಿ ಆರಿದರೂ ಚರ್ಮದೊಳಗೆ ಬಿಸಿ ಉಳಿದಿರುತ್ತದೆ. ಎಣ್ಣೆ ಅದನ್ನು ಹೊರಹೋಗಲು ಬಿಡುವುದಿಲ್ಲ. ವೈದ್ಯರಿಗೆ ಗಾಯ ಎಷ್ಟು ಆಳ ಎಂದು ನೋಡುವುದೂ ಕಷ್ಟವಾಗುತ್ತದೆ. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸ್ ಕೂಡ ಬೇಡ. ಎಣ್ಣೆಯನ್ನು ಗಾಯ ಪೂರ್ತಿ ಮಾಗಿದ ಮೇಲೆ ಒಣ ಚರ್ಮಕ್ಕೆ ಹಚ್ಚಿಕೊಳ್ಳಬಹುದು.

ಹಾಗಾದರೆ ಏನು ಮಾಡಬೇಕು?

• ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಬಕೆಟ್‌ನಿಂದ ಚೊಂಬಿನಲ್ಲಿ ಸುರಿಯುತ್ತಿರಿ.
• ನೀರು ಹಾಕುತ್ತಲೇ ಉಂಗುರ, ಬಳೆ, ವಂಕಿ, ಕಾಲುಂಗುರ ತೆಗೆಯಿರಿ. ಲೋಹ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕೈ ಊದಿಕೊಂಡರೆ ಬಿಗಿದ ಉಂಗುರ ಬೆರಳಿನ ರಕ್ತಸಂಚಾರವನ್ನೇ ನಿಲ್ಲಿಸಬಹುದು. ಹಬ್ಬದ ದಿನ ಬಳೆ, ಕಾಲುಂಗುರ ತೆಗೆಯಬಾರದು ಎಂದು ಹಿರಿಯರು ಹಿಂಜರಿದರೆ ಈ ಕಾರಣ ಹೇಳಿ. ವಾಸಿಯಾದ ಮೇಲೆ ಮತ್ತೆ ತೊಡಬಹುದು.
• ಚರ್ಮಕ್ಕೆ ಅಂಟಿದ ಬಟ್ಟೆಯನ್ನಾಗಲಿ ಒಡವೆಯನ್ನಾಗಲಿ ಎಳೆಯಬೇಡಿ. ಬೊಬ್ಬೆ ಒಡೆಯಬೇಡಿ.
• ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ ಅಥವಾ ಗುಪ್ತಾಂಗ ಸುಟ್ಟಿದ್ದರೆ, ಸುಟ್ಟವರು ಮಕ್ಕಳು ಅಥವಾ ಗರ್ಭಿಣಿಯಾಗಿದ್ದರೆ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ಕೊನೆಯ ಮಾತು

ರೇಷ್ಮೆಗೆ ಬೆಂಕಿ ಹತ್ತುವುದಿಲ್ಲ ಎಂಬುದು ಅರ್ಧ ಸತ್ಯ, ಸುಟ್ಟದ್ದಕ್ಕೆ ಎಣ್ಣೆ ಎಂಬುದು ತಪ್ಪು. ಗ್ರೂಪಿಗೆ ಕಳಿಸುವುದಾದರೆ ಇಷ್ಟು ಸಾಕು: "ಮೊದಲು ನೀರು, ಜೊತೆಗೇ ಒಡವೆ ತೆಗೆಯಿರಿ, ಎಣ್ಣೆ ಬೇಡ."