ಕಿವಿಗೆ ಹಚ್ಚಿದ ಸ್ಕ್ರೂಡ್ರೈವರ್

ಮಾನ್ವಿಯಿಂದ ರಾಯಚೂರಿಗೆ ಹೊರಟಿದ್ದೆ. ಕಲ್ಲೂರು ದಾಟಿದ ಮೇಲೆ ನನ್ನ ಹಳೆಯ ನೂರು ಸಿಸಿ ಗಾಡಿ ಹೊಟ್ಟೆಯೊಳಗಿಂದ ಟಕ್ ಟಕ್ ಎನ್ನತೊಡಗಿತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಬೇವಿನ ನೆರಳು ಹಿಡಿದು ನಿಲ್ಲಿಸಿದೆ. ಆಯಿಲ್ ನೋಡಿದೆ, ಇತ್ತು. ಲೆಗ್‌ಗಾರ್ಡ್ ಹಿಡಿದು ಅಲ್ಲಾಡಿಸಿದೆ, ಬಿಗಿಯಾಗಿಯೇ ಇತ್ತು. ಇನ್ನುಳಿದದ್ದು ಒಂದೇ ಪ್ರಶ್ನೆ: ಹೀಗೇ ಓಡಿಸಿಕೊಂಡು ಹೋಗಬಹುದೇ, ಇಲ್ಲಾ ಟಂಟಂ ಆಟೋಗೆ ಏರಿಸಬೇಕೇ?

ಮೆಲ್ಲಗೆ ಓಡಿಸಿಕೊಂಡೇ ಊರು ಮುಟ್ಟಿದೆ. ಗ್ಯಾರೇಜಿನ ಮಿಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ‘ಯಾವಾಗ ಬರ್ತದ್ರೀ? ಥಂಡಿ ಇದ್ದಾಗೋ, ಕಾಯ್ದ ಮ್ಯಾಲೋ? ಏರು ಹತ್ತುವಾಗೋ, ನಿಂತಾಗೋ?’ ಎಂದು ಕೇಳಿದ. ಸದ್ದು ಎಷ್ಟು ಜೋರು ಅಂತ ಒಮ್ಮೆಯೂ ಕೇಳಲಿಲ್ಲ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಇಂಜಿನ್ನಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ ಕಣ್ಣು ಮುಚ್ಚಿದ. ತುದಿ ತಲೆಯಿಂದ ಸಿಲಿಂಡರಿಗೆ, ಅಲ್ಲಿಂದ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಇಳಿಯಿತು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದ. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಮಿಸ್ತ್ರಿ ಮಾಡಿದ್ದೂ ಅದೇ ಕೆಲಸ. ಸೈಲೆನ್ಸರಿನ ಗದ್ದಲವನ್ನೆಲ್ಲ ಬದಿಗಿಟ್ಟು, ಉಕ್ಕಿನ ಸಲಾಕೆ ತಾನು ಮುಟ್ಟಿದ ಜಾಗದ ಕಂಪನವನ್ನು ನೇರ ಎಲುಬಿಗೆ ತಲುಪಿಸುತ್ತದೆ.

ಅವನು ಕೇಳಿದ ‘ಯಾವಾಗ’ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದೊಂದು ವಾಲ್ವ್ ತೆರೆಯುವುದು ಒಂದೇ ಸಲ. ನಿಮಿಷಕ್ಕೆ 1,400 ಸುತ್ತಿನಲ್ಲಿ ಗಾಡಿ ನಿಂತಲ್ಲೇ ತಿರುಗುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 23 ಸುತ್ತು ಹಾಕುತ್ತದೆ, ವಾಲ್ವ್ 12 ಸಲ ತೆರೆಯುತ್ತದೆ. ಎಣಿಸುವುದು ಯಾರಿಂದಲೂ ಆಗದು. ಆದರೆ ಪಳಗಿದ ಕಿವಿಗೆ ಈ ಎರಡು ಲಯಗಳು ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಮೇಲಿನಿಂದ ಬರುವ, ನಿಧಾನ ಲಯದ, ಹಗುರ ಟಿಕ್ ಟಿಕ್ ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್‌ನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಈ ಸದ್ದಿನ ಪರಿಚಯವೇ ಇರಲಿಲ್ಲ. ಎರಡು ಸ್ಟ್ರೋಕಿನ ಆ ಗಾಡಿಗೆ ವಾಲ್ವೇ ಇಲ್ಲ, ಟ್ಯಾಪೆಟ್ ಎಲ್ಲಿಂದ ಬರಬೇಕು?

ಬೆಳಿಗ್ಗೆ ಕಿಕ್ ಹೊಡೆದಾಗ ಕಟಕಟ ಎಂದು, ಕಾದ ಮೇಲೆ ಅಡಗಿದರೆ ಅದು ಪಿಸ್ಟನ್. ಸವೆದ ಬೋರಿನಲ್ಲಿ ಸಡಿಲಾಗಿ ಆಡುವ ಪಿಸ್ಟನ್ ಗೋಡೆಗೆ ಬಡಿಯುತ್ತದೆ. ಬಿಸಿಗೆ ಹಿಗ್ಗಿದಾಗ ಸಂದಿ ತುಂಬಿಕೊಳ್ಳುತ್ತದೆ. ಗಬ್ಬೂರು, ದೇವದುರ್ಗದ ಕಡೆ ಎರೆಹೊಲದ ದಾರಿಯಲ್ಲೇ ದಿನವೂ ಓಡಾಡುವ ಗಾಡಿಗಳಲ್ಲಿ ಏರ್ ಫಿಲ್ಟರ್ ಹರಿದಿದ್ದರೆ ಬೋರ್ ಬೇಗ ಹೋಗುತ್ತದೆ. ನುಸುಳಿದ ದೂಳು ಆಯಿಲ್ ಜೊತೆ ಸೇರಿ ಸಾಣೆಕಲ್ಲಿನ ಕೆಲಸ ಮಾಡುತ್ತದೆ.

ಇನ್ನೊಂದು ಬಡಿತ ಇದೆ. ಅದರಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಮೂರು ಜನ, ಟ್ಯಾಂಕಿನ ಮೇಲೊಂದು ಗೊಬ್ಬರದ ಚೀಲ, ಟಾಪ್ ಗೇರು, ಏರುದಾರಿ. ಆಗ ಸ್ಟೀಲ್ ತಂಬಿಗೆಯಲ್ಲಿ ಸಣ್ಣ ಹರಳು ಹಾಕಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ, ಎಕ್ಸಲೇಟರ್ ಬಿಟ್ಟ ಕೂಡಲೇ ನಿಲ್ಲುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ಸಿಲಿಂಡರಿನ ಆಚೆ ತುದಿ ತಲುಪುವ ಮೊದಲೇ, ಅಲ್ಲಿ ಅದುಮಿಕೊಂಡು ಕಾದ ಪೆಟ್ರೋಲು-ಗಾಳಿ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆ ಒತ್ತಡದ ಅಲೆ ಗೋಡೆಗೆ ಅಪ್ಪಳಿಸಿ ಇಡೀ ಇಂಜಿನ್ ಗಂಟೆಯಂತೆ ಮಿಡಿಯುತ್ತದೆ. ಈ ತ್ರಾಸು ತಡೆಯಲೆಂದೇ 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲೆ ಪೆಟ್ರೋಲಿಗೆ ಸೀಸ ಬೆರೆಸುವ ದಾರಿ ಕಂಡುಕೊಂಡ. ಆ ವಿಷವನ್ನು ನಮ್ಮ ಪೆಟ್ರೋಲಿನಿಂದ ಪೂರ್ತಿ ತೆಗೆಯಲು 2000ದವರೆಗೆ ಕಾಯಬೇಕಾಯಿತು. ಸೀಮೆಎಣ್ಣೆ ಬೆರೆತ ಪೆಟ್ರೋಲು ಈ ಬಡಿತವನ್ನು ಕರೆದು ತರುತ್ತದೆ. ಮಾನ್ವಿಯ ಕಾಲುವೆ ಸೀಮೆಯಲ್ಲಿ ಮತ್ತೊಂದು ಕಾರಣವೂ ಇದೆ: ಭತ್ತದ ಗದ್ದೆಯ ಕೆಸರು ಇಂಜಿನ್ನಿನ ರೆಕ್ಕೆಗಳ ನಡುವೆ ಒಣಗಿ ಕೂತರೆ ಗಾಳಿ ಆಡುವುದಿಲ್ಲ, ಇಂಜಿನ್ ಕಾಯುತ್ತದೆ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಅಷ್ಟು ಸಾಕು. ಒಂದು ಗೇರ್ ಇಳಿಸಿ, ಸಂಜೆ ಆ ಕೆಸರು ತೊಳೆದರೆ ಅರ್ಧ ತೊಂದರೆ ಹೋಗುತ್ತದೆ.

ಹೆದರಬೇಕಾದದ್ದು ಕೆಳಗಿನಿಂದ ಬರುವ, ದಪ್ಪ ದನಿಯ, ಭಾರ ಬಿದ್ದಷ್ಟೂ ಗಟ್ಟಿಯಾಗುವ ಢಕ್ ಢಕ್‌ಗೆ. ಅದು ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್. 49.5 ಮಿಲಿಮೀಟರ್ ಓಟದ ಸ್ಪ್ಲೆಂಡರ್ ಬೈಕಿನ ಪಿಸ್ಟನ್ ನಿಮಿಷಕ್ಕೆ 5,000 ಸುತ್ತಿನಲ್ಲಿ ಸೆಕೆಂಡಿಗೆ 160ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಬೇರಿಂಗ್ ಸಡಿಲಾದರೆ ಅಷ್ಟೂ ಸಲ ಸುತ್ತಿಗೆ ಏಟು. ಗುಮಾನಿ ಬಂದರೆ ಮಿಸ್ತ್ರಿಗಳು ಸಿಲಿಂಡರ್ ಬಿಚ್ಚಿ ರಾಡನ್ನು ಎರಡು ಕೈಯಲ್ಲಿ ಹಿಡಿದು ಆಡಿಸುತ್ತಾರೆ. ಪಕ್ಕಕ್ಕೆ ತುಸು ಸರಿದರೆ ಚಿಂತೆಯಿಲ್ಲ, ಅದು ಇರಬೇಕಾದ್ದೇ. ಮೇಲೆ-ಕೆಳಗೆ ಕೂದಲೆಳೆಯಷ್ಟು ಆಡಿದರೂ ಕ್ರ್ಯಾಂಕ್ ಹೊರಗೆ ಬರಬೇಕು, ಪ್ರೆಸ್ಸಿಗೆ ಹೋಗಬೇಕು. ಈ ಸದ್ದಿನ ಮೇಲೆ ದೇವದುರ್ಗದಿಂದ ರಾಯಚೂರಿಗೆ ಓಡಿಸುವುದು ತಪ್ಪು. ರಾಡ್ ಮುರಿದರೆ ಇಂಜಿನ್ ಪೆಟ್ಟಿಗೆಯೇ ಒಡೆದೀತು. ಟಂಟಂ ಬಾಡಿಗೆ ಅದಕ್ಕಿಂತ ಎಷ್ಟೋ ಸೋವಿ.

ನನ್ನ ಗಾಡಿಯ ಸದ್ದು ಸ್ಕ್ರೂಡ್ರೈವರ್ ತಲೆಯ ಮೇಲಿದ್ದಾಗಲೇ ಗಟ್ಟಿಯಾಗಿ ಕೇಳಿತ್ತು. ಟ್ಯಾಪೆಟ್. ಕೂಡಲೇ ಬಿಗಿ ಮಾಡಿ ಅಂದೆ. ‘ಆರ್ಬೇಕ್ರೀ’ ಅಂದ. ಕಾದ ಲೋಹ ಹಿಗ್ಗಿರುವಾಗ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಸಂದಿಯ ಅಳತೆ ಸರಿಯಾಗಿ ಸಿಗುವುದಿಲ್ಲ, ತಣ್ಣಗಿದ್ದಾಗಲೇ ಅಳೆಯಬೇಕು. ಎರಡು ಸಲ ಚಹಾ ಆಯಿತು. ಬಿಸಿಲು ಇಳಿದ ಮೇಲೆ ಮುಚ್ಚಳ ಬಿಚ್ಚಿ, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳುವಾದ ಉಕ್ಕಿನ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿದ. ಅದು ಸಲೀಸಾಗಿ ಹೋಯಿತು. ತಿರುಪು ತಿರುಗಿಸಿ ಮತ್ತೆ ಎಳೆದ. ಈ ಸಲ ಪಟ್ಟಿ ತುಸು ಹಿಡಿದುಕೊಂಡೇ ಹೊರಬಂತು.

ಕಿಕ್ ಹೊಡೆದಾಗ ಸಣ್ಣ ಟಿಕ್ ಟಿಕ್ ಇನ್ನೂ ಇತ್ತು. ನಾನು ಮುಖ ನೋಡಿದೆ. ಪೂರ್ತಿ ಸದ್ದಡಗುವಷ್ಟು ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ‘ಇಷ್ಟು ಸೌಂಡ್ ಇರ್ಬೇಕ್ರೀ’ ಎನ್ನುತ್ತ ಅವನು ಕೈ ಒರೆಸಿಕೊಂಡ.